ಬ್ರೂನೋ ಅವರ ವಾಕಿಂಗ್ ವರದಿ

ನಮ್ಮ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ಬ್ರೂನೋ ಎಂಬ ಸೈಬೀರಿಯನ್ ಹಸ್ಕಿ ವಾಸವಾಗಿದ್ದಾರೆ. ಮನೆಗೆಲಸದ ಹೆಂಗಸಿಗೆ ಏಕವಚನ, ಬ್ರೂನೋಗೆ ಬಹುವಚನ ಎಂಬುದು ಆ ಮನೆಯ ಪದ್ಧತಿ, ನಾನೂ ಪಾಲಿಸುತ್ತೇನೆ. ಇವರ ಪೂರ್ವಿಕರು ಹಿಮದ ಮೇಲೆ ಗಾಡಿ ಎಳೆದವರು. ಇವರು ವೈಟ್‌ಫೀಲ್ಡಿನಲ್ಲಿ ಎಸಿಯ ಕೆಳಗೆ ಸೋಫಾ ಸವೆಸುತ್ತಿದ್ದಾರೆ. ಏಪ್ರಿಲ್‌ನಲ್ಲಿ ಕರೆಂಟು ಹೋದರೆ ಸಾಕು, ಅವರ ಮಮ್ಮಿ, ಅಂದರೆ ಮನೆಯೊಡತಿ, ಬೆಸ್ಕಾಂಗೆ ಫೋನು ಹಚ್ಚುತ್ತಾರೆ: "ಬೇಗ ಬನ್ನಿ, ಮನೇಲಿ ಪೇಷೆಂಟ್ ಇದ್ದಾರೆ."

ಪೇಷೆಂಟಿಗೆ ಏನೂ ಕಡಿಮೆಯಿಲ್ಲ. ಪಾದಕ್ಕೆ ಹಚ್ಚಲು ಕ್ರೀಮು, ಮಳೆಗಾಲಕ್ಕೆ ರೇನ್‌ಕೋಟು, ಹುಟ್ಟುಹಬ್ಬಕ್ಕೆ ಕೇಕು, ಸ್ಪಾದಲ್ಲಿ ತಿಂಗಳಿಗೊಮ್ಮೆ ಅಭ್ಯಂಜನ. ಬೇಸಿಗೆ ಬಂತೆಂದು ಕಳೆದ ಸಲ ಮೈಕೂದಲನ್ನು ಬೋಳಿಸಿಯೂ ಬಿಟ್ಟರು. ಹಸ್ಕಿಯ ಎರಡು ಪದರದ ಕೂದಲು ಚಳಿಗೆ ಹೇಗೋ ಬಿಸಿಲಿಗೂ ಹಾಗೇ ಅಡ್ಡ ನಿಲ್ಲುತ್ತದೆ, ಅದನ್ನು ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೇ ಬಡಿಯುತ್ತದೆ ಎಂದು ಸ್ಪಾದವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. "ಸಮ್ಮರ್ ಕಟ್" ಅಂತ ಬಿಲ್ಲು ಬಂತು, ಫೋಟೋ ಹೋಯಿತು, ಲೈಕು ಬಿತ್ತು.

ಒಂದೇ ಒಂದು ಸಣ್ಣ ಕೊರತೆ. ನಡಿಗೆ. ಅದಕ್ಕೂ ವ್ಯವಸ್ಥೆ ಮಾಡಿದ್ದಾರೆ ಅನ್ನಿ. ಲಿಂಗಸುಗೂರಿನಿಂದ ಬಂದ ಒಬ್ಬ ಹುಡುಗ ಬೆಳಿಗ್ಗೆ ಸಂಜೆ ಬ್ರೂನೋರನ್ನು ಕರೆದುಕೊಂಡು ಹೋಗುತ್ತಾನೆ. ಡ್ಯಾಡಿ ಅದೇ ಹೊತ್ತಿಗೆ ಕ್ಲಬ್‌ಹೌಸಿನ ಟ್ರೆಡ್‌ಮಿಲ್ ಹತ್ತಿ ಬೆವರು ಸುರಿಸುತ್ತಾ ಗಾಜಿನಾಚೆ ನೋಡುತ್ತಾರೆ. ಇಬ್ಬರೂ ನಡೆಯಬೇಕಾದವರೇ, ಒಟ್ಟಿಗೆ ನಡೆಯಬಹುದಲ್ಲ ಎಂದು ಯಾರೋ ಕೇಳಿದ್ದಕ್ಕೆ "ಟೈಮ್ ಎಲ್ಲಿದೆ ಸಾರ್?" ಅಂದರಂತೆ. ಹುಡುಗ ಮೋಸ ಮಾಡದಿರಲಿ ಎಂದು ನಾಯಿಯ ಕೊರಳಪಟ್ಟಿಗೆ ಹೆಜ್ಜೆ ಎಣಿಸುವ ಯಂತ್ರ ಬಿಗಿದು, ಲೆಕ್ಕವನ್ನು ಮೊಬೈಲಿನಲ್ಲೇ ನೋಡಿ ನೆಮ್ಮದಿಯಾಗಿದ್ದಾರೆ.

ಹುಡುಗ ಮೂರೇ ದಿನಕ್ಕೆ ಯಂತ್ರದ ಮರ್ಮ ಹಿಡಿದ. ಅದನ್ನು ಬಿಚ್ಚಿ, ರೌಂಡ್ಸ್ ಹೊಡೆಯುವ ಸೆಕ್ಯೂರಿಟಿಯವನ ಕಾಲಿಗೆ ಕಟ್ಟಿ, ತಾನೂ ಬ್ರೂನೋರೂ ಹೊಂಗೆಮರದ ನೆರಳಿನಲ್ಲಿ ಅಡ್ಡಾಗುತ್ತಾರೆ. ಸಂಜೆ ಮಮ್ಮಿ ಮೊಬೈಲು ನೋಡಿ ಹಿಗ್ಗುತ್ತಾರೆ: "ಇವತ್ತು ಎಷ್ಟೊಂದು ಓಡಾಡಿದೆ ಕಂದಾ!" ಹುಡುಗ ಹಲ್ಲು ಕಿರಿದು, "ಹೌದ್ರೀ ಅಕ್ಕಾರ, ತಡೀಲಿಕ್ಕೇ ಆಗ್ಲಿಲ್ಲ ನೋಡ್ರಿ" ಅನ್ನುತ್ತಾನೆ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಅನ್ನುತ್ತಾರಲ್ಲ, ಇಲ್ಲಿ ನಾಯಿಯೊಂದನ್ನು ಬಿಟ್ಟು ಉಳಿದವರೆಲ್ಲ ಬಾಲಕ್ಕೆ ಹೇಳಿದವರೇ. ಇಡೀ ಏರ್ಪಾಟಿನಲ್ಲಿ ತೂಕ ಇಳಿದದ್ದು ಸೆಕ್ಯೂರಿಟಿಯವನದು ಮಾತ್ರ.

ಈ ವಿಷಯದಲ್ಲಿ ದೆಹಲಿಯ ಆ ಐಎಎಸ್ ದಂಪತಿಯೇ ವಾಸಿ ಎಂದು ನನಗೆ ಈಚೆಗೆ ಅನಿಸತೊಡಗಿದೆ. 2022ರಲ್ಲಿ, ಅಧಿಕಾರಿ ನಾಯಿಯೊಂದಿಗೆ ವಾಕಿಂಗಿಗೆ ಬರುತ್ತಾರೆಂದು ತ್ಯಾಗರಾಜ ಕ್ರೀಡಾಂಗಣದಿಂದ ಕ್ರೀಡಾಪಟುಗಳನ್ನು ಸಂಜೆ ಬೇಗ ಹೊರಗೆ ಕಳಿಸುತ್ತಾರೆ ಎಂದು ಪತ್ರಿಕೆಯಲ್ಲಿ ಬಂತು. ಗದ್ದಲವಾಗಿ ಗಂಡನನ್ನು ಲಡಾಖ್‌ಗೂ ಹೆಂಡತಿಯನ್ನು ಅರುಣಾಚಲಕ್ಕೂ ಎತ್ತಂಗಡಿ ಮಾಡಿದರು. ದರ್ಪದ ಮಾತು ಬೇರೆ. ನಾಯಿಯ ಜೊತೆ ತಾವೇ ನಡೆದರಲ್ಲ, ಆ ಪುಣ್ಯ ಎಲ್ಲಿ ಹೋಗಬೇಕು? ಬೆಂಗಳೂರಿನ ಹಸ್ಕಿಗಳಿಗೆ ಸಲ್ಲಬೇಕಿದ್ದ ಲಡಾಖ್ ವರ್ಗಾವಣೆ ಮನುಷ್ಯರ ಪಾಲಾಯಿತು ಎಂಬುದಷ್ಟೇ ಬೇಸರ.

ಇನ್ನು ಊಟ. ಆಮದು ಕಾಳು, ಅದರ ಮೇಲೆ ಸಾಲ್ಮನ್ ಎಣ್ಣೆ. ಅದು ಮುಗಿದ ಮೇಲೆ ಅಡುಗೆಮನೆಯಿಂದ ಅಜ್ಜಿಯ ಪಾಳಿ. "ಪಾಪ, ಬಾಯಿಲ್ಲದ ಜೀವ" ಎಂದು ತುಪ್ಪ ಜಿನುಗುವ ಕೇಸರಿಬಾತಿನ ಉಂಡೆ, ದ್ರಾಕ್ಷಿ ಸಮೇತ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು, ಈರುಳ್ಳಿ ರಕ್ತದ ಕೆಂಪುಕಣಗಳನ್ನೇ ಒಡೆಯುತ್ತದೆ, ಚಾಕೊಲೇಟೂ ವಿಷವೇ. ಅಜ್ಜಿಗೆ ಹೇಳುವವರು ಯಾರು? ಬಿಬಿಎಂಪಿ ಎಂಬುದಿನ್ನೂ ಜೀವಂತವಾಗಿದ್ದ 2025ರ ಜುಲೈನಲ್ಲಿ ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕುವ 2.88 ಕೋಟಿ ರೂಪಾಯಿಯ ಟೆಂಡರು ಹೊರಟಿತ್ತು. ತಟ್ಟೆಗೆ 150 ಗ್ರಾಂ ಕೋಳಿ, 100 ಗ್ರಾಂ ಅನ್ನ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ನಾಯಿಯ ಊಟವನ್ನು ಗ್ರಾಮಿನಲ್ಲಿ ತೂಗಬೇಕೆಂದು ಈ ನಗರದಲ್ಲಿ ಹೊಳೆದದ್ದು ಅದೊಂದೇ ಸಲ, ಅದೂ ಕಾಗದದ ಮೇಲೆ.

ಅಂತೂ ಒಂದು ದಿನ ಬ್ರೂನೋ ಮೇಲೇಳಲಿಲ್ಲ. ಜ್ವರ. ಭಾನುವಾರವಾದ್ದರಿಂದ ಮಾಮೂಲಿ ಪೆಟ್ ಕ್ಲಿನಿಕ್ ಮುಚ್ಚಿತ್ತು, ವಿಧಿಯಿಲ್ಲದೆ ಸರ್ಕಾರಿ ಪಶು ಆಸ್ಪತ್ರೆಗೆ ಹೋದರು. ಅಲ್ಲಿ ಮುಂದೆ ಒಂದು ಎಮ್ಮೆ, ಹಿಂದೆ ಎರಡು ಮೇಕೆ. ಮಮ್ಮಿ ಬ್ರೂನೋರ ಮೂಗಿಗೆ ಕರ್ಚೀಫು ಹಿಡಿದರು.

ಡಾಕ್ಟರು ಪಕ್ಕೆ ಮುಟ್ಟಿ ನೋಡಿ, "ಪಕ್ಕೆಲುಬು ಎಲ್ಲಮ್ಮ? ಕೈಗೇ ಸಿಕ್ತಿಲ್ಲ" ಅಂದರು.

"ಹಸ್ಕಿ ಅಲ್ವಾ ಡಾಕ್ಟ್ರೇ, ಕೂದಲು ಜಾಸ್ತಿ."

"ಕೂದಲು ಬೋಳಿಸಿದ್ದೀರಲ್ಲ. ಇದು ಕೊಬ್ಬು. ರೇಬಿಸ್ ಲಸಿಕೆ ಯಾವಾಗ ಹಾಕಿಸಿದ್ದು?"

"ಚಿಕ್ಕೋನಿದ್ದಾಗ ಒಂದು. ಆಮೇಲೆ ಬೇಕಾಗ್ಲಿಲ್ಲ, ಇವನು ಹೊರಗೇ ಹೋಗಲ್ಲ."

"ದಿನಾ ವಾಕಿಂಗ್ ಹೋಗ್ತಾನೆ ಅಂತ ಈಗ ಹೇಳಿದ್ರಿ?"

ಮಮ್ಮಿ ಡ್ಯಾಡಿಯ ಮುಖ ನೋಡಿದರು, ಡ್ಯಾಡಿ ಮೊಬೈಲು ನೋಡಿದರು. ಡಾಕ್ಟರು ಅಷ್ಟರಲ್ಲಿ ಬ್ರೂನೋರ ಕಿವಿ ಮಗುಚಿದರು. ಒಳಗೆ ರಕ್ತ ಕುಡಿದು ಊದಿ, ಬೂದುಬಣ್ಣದ ಹರಳೆಬೀಜದಷ್ಟಾದ ಉಣ್ಣೆಗಳು ಸಾಲಾಗಿ ಕಚ್ಚಿಕೊಂಡಿದ್ದವು. ಹೊಂಗೆಮರದ ಬುಡದ ಹುಲ್ಲಿನ ಕೊಡುಗೆ. ಒಂದನ್ನು ಚಿಮಟಿಗೆಯಲ್ಲಿ ಕಿತ್ತು ಎತ್ತಿ ಹಿಡಿದು ಕೇಳಿದರು: "ಇದು ಲಿಫ್ಟಲ್ಲಿ ಹತ್ತಿ ಬಂತಾ?" ರಕ್ತ ಪರೀಕ್ಷೆ ಮಾಡಿ ಉಣ್ಣೆ ಜ್ವರವೇ ಎಂದು ಖಚಿತಪಡಿಸಿಕೊಂಡು ಮಾತ್ರೆ ಬರೆದರು. ಹುಷಾರಾದ ಮೇಲೆ ವರ್ಷಕ್ಕೊಮ್ಮೆ ಲಸಿಕೆ, ತಪ್ಪದೆ ಜಂತುಹುಳುವಿನ ಔಷಧಿ, ಉಣ್ಣೆಗೆ ಔಷಧಿ, ಮತ್ತು ಕೊನೆಗೆ ದಿನಾ ಒಂದು ಗಂಟೆ ನಡಿಗೆ.

ಡ್ಯಾಡಿ ಚೀಟಿ ಓದಿ ಕೇಳಿದರು: "ಈ ಕೊನೇದು ಯಾವ ಕಂಪನಿದು ಸಾರ್?"

ಲಸಿಕೆಯಾದ ಮೇಲೆ ಪಾಲಿಕೆಯ ಲೈಸೆನ್ಸ್ ಮಾಡಿಸಿ ಎಂದೂ ಡಾಕ್ಟರು ಹೇಳಿದ್ದರು. ಬಿಬಿಎಂಪಿ ಕಾಲದಲ್ಲಿ ಅದರ ಶುಲ್ಕ ವರ್ಷಕ್ಕೆ 110 ರೂಪಾಯಿ ಇತ್ತೆಂದು ಕೇಳಿ ಮಮ್ಮಿಗೆ ಅವಮಾನವಾಯಿತು. ಅಷ್ಟು ಅಗ್ಗದ್ದು ಒಳ್ಳೆಯದು ಹೇಗಾದೀತು? ಇದೇ ತರ್ಕಕ್ಕೆ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಬಲಿಯಾದದ್ದು. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಮೈಕಟ್ಟು. 2005ರಲ್ಲಿ ಅದರ ಚಿತ್ರ ಅಂಚೆಚೀಟಿಯ ಮೇಲೆ ಬಂತು, ಸೇನೆಯವರು ಮೀರತ್‌ಗೆ ಕರೆದೊಯ್ದು ತರಬೇತಿ ಕೊಟ್ಟರು. ಹನ್ನೊಂದನೇ ಮಹಡಿಗೆ ಮಾತ್ರ ಹತ್ತಲಾಗಲಿಲ್ಲ. "ಬಡಕಲು, ತುಂಬಾ ಲೋಕಲ್ಲಾಗಿ ಕಾಣುತ್ತೆ" ಅಂದುಬಿಟ್ಟರು.

ಸರಿ, ನಡೆಸಲೇಬೇಕೆಂದು ಡಾಕ್ಟರು ಬರೆದಾಯಿತು. ನಡೆಸುವುದು ಎಲ್ಲಿ? ಅಸೋಸಿಯೇಷನ್ನಿನ ಸಭೆ ಕೂಡಿತು. ವಾಕಿಂಗ್ ಟ್ರ್ಯಾಕಿನಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ, ಲಾನಿನ ಮೇಲೆ ನಾಯಿಗಳಿಗೂ ಮಕ್ಕಳಿಗೂ ಪ್ರವೇಶವಿಲ್ಲ, ಮುಖ್ಯ ಲಿಫ್ಟಿನಲ್ಲಿ ನಾಯಿಗಳಿಗೂ ಡೆಲಿವರಿ ಹುಡುಗರಿಗೂ ಪ್ರವೇಶವಿಲ್ಲ. ಲಿಫ್ಟಿನಿಂದ ನಾಯಿಯನ್ನು ಹೊರಗಿಡುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಇದೆ ಎಂದು ಒಬ್ಬರು ಓದಿ ಹೇಳಿದರು. "ಡೆಲಿವರಿ ಹುಡುಗರ ಬಗ್ಗೆ ಏನಾದ್ರೂ ಇದೆಯಾ?" ಎಂದರು ಅಧ್ಯಕ್ಷರು. ಇರಲಿಲ್ಲ. ಗೇಟಿನಾಚೆ ನಡೆಸೋಣವೆಂದರೆ ಫುಟ್‌ಪಾತ್ ಇಲ್ಲ. ಇದ್ದ ಕಡೆ ಅದರ ಮೇಲೆ ಟ್ರಾನ್ಸ್‌ಫಾರ್ಮರು.

ಎರಡು ಗಂಟೆ ಚರ್ಚಿಸಿ ಒಮ್ಮತಕ್ಕೆ ಬಂದಿದ್ದಾರೆ. ಕ್ಲಬ್‌ಹೌಸಿಗೆ ನಾಯಿಗಳದೇ ಒಂದು ಟ್ರೆಡ್‌ಮಿಲ್ ತರಿಸುವುದು. ಮೂರು ಕೊಟೇಷನ್ ಕರೆಯಲಾಗಿದೆ. ವಿದ್ಯುತ್ ಬಿಲ್ಲನ್ನು ನಾಯಿಯಿಲ್ಲದವರೂ ಕಟ್ಟಬೇಕೇ ಎಂಬ ಒಂದಂಶ ಮಾತ್ರ ಮುಂದಿನ ಸಭೆಗೆ ಉಳಿದಿದೆ. ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಮಮ್ಮಿಯ ಮೆಸೇಜು ಬಿದ್ದಿದೆ: ಬ್ರೂನೋ ಟ್ರೆಡ್‌ಮಿಲ್ ಮೇಲಿರುವಾಗ ಪಕ್ಕದಲ್ಲಿ ನಿಂತು ಹುರಿದುಂಬಿಸಲು ಒಬ್ಬ ಹುಡುಗ ಬೇಕು, ಇಂಗ್ಲಿಷ್ ಕಡ್ಡಾಯ, ಬ್ರೂನೋಗೆ ಕನ್ನಡ ಬರುವುದಿಲ್ಲ.