ಸಪ್ತ ಸಾಗರದಾಚೆಯ ಲಿಂಕು

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಸತ್ಯಸಂಧರು. ಹಾಲಿನ ಬೂತಿನವನು ಐದು ರೂಪಾಯಿ ಚಿಲ್ಲರೆ ಹೆಚ್ಚು ಕೊಟ್ಟನೆಂದು ಬಿಸಿಲಲ್ಲಿ ನಡೆದುಹೋಗಿ ಹಿಂದಿರುಗಿಸಿದವರು. ಪಕ್ಕದ ಮನೆಯ ಮಾವಿನಕಾಯಿಗೆ ಕೈಹಾಕಿದ ಮೊಮ್ಮಗನನ್ನು ಕೂರಿಸಿಕೊಂಡು ಹರಿಶ್ಚಂದ್ರನ ಕಥೆಯನ್ನು ಸ್ಮಶಾನದವರೆಗೂ ಹೇಳಿದವರು. ಇಂಥವರು 2023ರ ಸೆಪ್ಟೆಂಬರಿನಲ್ಲಿ ನನ್ನನ್ನು ಗೇಟಿನ ಬಳಿ ತಡೆದು, ‘ಆ ಪ್ರೇಮಕಥೆ ಬಂದಿದೆಯಂತಲ್ಲ, ಲಿಂಕ್ ಇದ್ದರೆ ಕಳಿಸಿ’ ಎಂದರು. ದನಿಯನ್ನೂ ತಗ್ಗಿಸಲಿಲ್ಲ.

ಅವರು ಕೇಳಿದ್ದು ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರವನ್ನು. ಸೆಪ್ಟೆಂಬರ್ 1ರಂದು ಚಿತ್ರಮಂದಿರಕ್ಕೆ ಬಂದ ಅದರ ಮೊದಲ ಭಾಗ ಅದೇ ತಿಂಗಳ 29ಕ್ಕೆ ಪ್ರೈಮ್ ವಿಡಿಯೋಗೂ ಬಂದಿತು. ಮಗ ಬೆಂಗಳೂರಿನಿಂದಲೇ ವರ್ಷದ ಚಂದಾ ಕಟ್ಟಿ ಅಪ್ಪನ ಟೀವಿಗೆ ಅದನ್ನು ಹಾಕಿಸಿಕೊಟ್ಟಿದ್ದರಿಂದ, ಮೇಷ್ಟ್ರು ಮಾಡಬೇಕಾಗಿದ್ದುದು ಇಪ್ಪತ್ತೆಂಟು ದಿನ ಕಾಯುವುದು, ಇಲ್ಲವೇ ಎರಡು ಕಿಲೋಮೀಟರ್ ದೂರದ ಟಾಕೀಸಿಗೆ ಹೋಗುವುದು, ಅಷ್ಟೆ. ಪಿಂಚಣಿಯ ಬಾಕಿಗಾಗಿ ಕಚೇರಿಯ ಬೆಂಚಿನ ಮೇಲೆ ನಾಲ್ಕು ವರ್ಷ ಕಾದ ಮನುಷ್ಯನಿಗೆ ನಾಲ್ಕು ವಾರ ಅಸಾಧ್ಯವೆನಿಸಿತು.

ನಾನು ಕೊಡದಿದ್ದರೂ ಲಿಂಕು ಹೇಗೋ ಸಿಕ್ಕಿತು. ಮರುದಿನ ಸಂಜೆ ನನ್ನನ್ನು ಕಾಫಿಗೆ ಕರೆದು ಕೂರಿಸಿ ಚಿತ್ರ ಹಚ್ಚಿದರು. ಯಾವನೋ ಟಾಕೀಸಿನ ಕುರ್ಚಿಯಲ್ಲಿ ಮೊಬೈಲ್ ಹಿಡಿದು ಚಿತ್ರೀಕರಿಸಿದ್ದ ಆ ಪ್ರತಿಯಲ್ಲಿ ನಾಯಕಿ ಕಣ್ಣು ತುಂಬಿಕೊಂಡಾಗ ಮುಂದಿನ ಸಾಲಿನವನೊಬ್ಬ ಎದ್ದು ಶೌಚಾಲಯಕ್ಕೆ ಹೊರಟ. ಪ್ರೇಮಿಗಳು ಮೌನವಾದಾಗ ಪಾಪ್‌ಕಾರ್ನ್ ಮಾತಾಡಿತು. ಪರದೆಯ ಮೇಲಂಚಿನಲ್ಲಿ ಜೂಜಿನ ಆ್ಯಪೊಂದರ ಹೆಸರು ಆಗಾಗ ಹೊಳೆಯುತ್ತಿತ್ತು. ಕರ್ನಾಟಕದ 1985ರ ಗೂಂಡಾ ಕಾಯ್ದೆಯ ಮಾರುದ್ದದ ಹೆಸರಿನಲ್ಲಿ ಜೂಜುಕೋರರೂ, ವಿಡಿಯೋ ಮತ್ತು ಆಡಿಯೋ ಕೃತಿಚೌರ್ಯದವರೂ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಪಂಕ್ತಿಯಲ್ಲಿ ಆದ ಪರಿಚಯ ವ್ಯಾಪಾರಕ್ಕೂ ಒದಗಿದೆ ಎಂಬುದು ನನಗೆ ಮೇಷ್ಟ್ರ ಮನೆಯಲ್ಲಿ ಮನವರಿಕೆಯಾಯಿತು.

ಕಥೆಯ ನಾಯಕ ಮನು, ಪ್ರಿಯಾಳೊಂದಿಗೆ ಕಂಡ ಮನೆಯ ಕನಸಿಗೆ ಹಣ ಬೇಕೆಂದು, ಇನ್ನೊಬ್ಬರು ಮಾಡಿದ ಅಪರಾಧವನ್ನು ತನ್ನ ತಲೆಗೆ ಕಟ್ಟಿಕೊಂಡು ಜೈಲು ಸೇರುತ್ತಾನೆ. ಮೇಷ್ಟ್ರು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು, ‘ಮಾಡದ ತಪ್ಪಿಗೆ ಒಳಗೆ ಹೋದನಲ್ಲಪ್ಪ! ಮಾಡಿದವರು ಹಾಯಾಗಿ ಮನೆಯಲ್ಲಿ ಕೂತಿದ್ದಾರೆ’ ಎಂದು ಮರುಗಿದರು. ನಾನು ಅವರು ಕೂತಿದ್ದ ಆರಾಮಕುರ್ಚಿಯನ್ನು ನೋಡಿ ಕಾಫಿ ಕುಡಿದೆ.

ಸರ್ಕಾರ ಸುಮ್ಮನಿತ್ತೆಂದು ಯಾರೂ ದೂರುವಂತಿಲ್ಲ. ಅದೇ ವರ್ಷ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು, ಹೀಗೆ ಕದ್ದು ಚಿತ್ರೀಕರಿಸಿ ಹಂಚುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ, 3 ಲಕ್ಷ ರೂಪಾಯಿಯಿಂದ ಮೊದಲುಗೊಂಡು ನಿರ್ಮಾಣವೆಚ್ಚದ ಶೇ. 5ರವರೆಗೆ ದಂಡವನ್ನೂ ನಿಗದಿ ಮಾಡಿತು. ನವೆಂಬರಿನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ದೂರು ಸ್ವೀಕರಿಸಲು ಹನ್ನೆರಡು ನೋಡಲ್ ಅಧಿಕಾರಿಗಳನ್ನು ನೇಮಿಸಿ, ದೂರು ಬಂದ 48 ಗಂಟೆಗಳಲ್ಲಿ ಕ್ರಮವೆಂದು ಸಾರಿತು. ಕಳ್ಳ ಜಾಲತಾಣವು ಅಷ್ಟರೊಳಗೆ ತನ್ನ ಹೆಸರಿನ ಬಾಲವನ್ನು ಕತ್ತರಿಸಿ ಹೊಸ ಬಾಲ ಅಂಟಿಸಿಕೊಂಡು ಮತ್ತೆ ಅಂಗಡಿ ತೆರೆಯುತ್ತದೆ. ಅದರ ಸರ್ವರ್ ಇರುವುದಂತೂ ಚಿತ್ರದ ಹೆಸರೇ ಹೇಳುವ ಜಾಗದಲ್ಲಿ.

ಹಾಗೆಂದು ನ್ಯಾಯದ ದಾರಿಯೇನೂ ಹೂವಿನ ಹಾಸಿಗೆಯಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಟಿಕೆಟ್ಟಿಗಿಂತ ಪಾಪ್‌ಕಾರ್ನ್ ದುಬಾರಿ, ಒಂದೊಂದು ಚಿತ್ರಕ್ಕೆ ಒಂದೊಂದು ಆ್ಯಪಿನ ಚಂದಾ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಮೇಷ್ಟ್ರ ಮನೆಯಲ್ಲಿ ಚಂದಾ ಕಟ್ಟಿಯಾಗಿತ್ತು, ಪಾಪ್‌ಕಾರ್ನ್ ಅವರ ಹಲ್ಲಿಗೆ ಆಗದು.

ನವೆಂಬರ್ 17ರಂದು ಎರಡನೆಯ ಭಾಗ ತೆರೆಕಂಡಿತು. ಅದಾದ ಮೂರನೆಯ ದಿನ ಮೇಷ್ಟ್ರು ಕೆಂಡವಾಗಿ ನಮ್ಮ ಮನೆಗೇ ಬಂದರು. ‘ನೋಡಿ ಸ್ವಾಮಿ, ಎರಡು ಗಂಟೆ ಕಣ್ಣು ಕಿರಿದು ಮಾಡಿಕೊಂಡು ನೋಡಿದ್ದೇನೆ, ಕಡೆಯ ಹತ್ತು ನಿಮಿಷವೇ ಇಲ್ಲ! ಪ್ರೇಕ್ಷಕರಿಗೆ ಇಂಥ ಮೋಸ ಮಾಡಬಹುದೇ? ಇದನ್ನು ವಿಚಾರಿಸುವವರು ಯಾರೂ ಇಲ್ಲವೇ?’

ಹನ್ನೆರಡು ಜನ ಇದ್ದಾರೆ ಎಂದೆ. ಮೇಷ್ಟ್ರು ಕನ್ನಡಕ ಏರಿಸಿಕೊಂಡು, ಬಿಳಿ ಹಾಳೆ ಕೇಳಿ ಪಡೆದು, ‘ಮಾನ್ಯರೇ’ ಎಂದು ಬರೆಯತೊಡಗಿದರು.