ಕೋವಿ ನಮ್ಮದು, ಹಂದಿ ಸರ್ಕಾರದ್ದು

ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಸರಿ ಎಂದಿತು. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡಬಹುದು. ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಎರಡು. ತೋಟಕ್ಕೆ ಹಂದಿ ನುಗ್ಗಿದರೆ ಒಂದು ಅರ್ಜಿ.

ಈ ಅರ್ಜಿ ಅಂದರೆ ಸುಮ್ನೆ ಅಲ್ಲ. 1972ರ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಈ ಹಂದಿಯಿಂದ ಮನುಷ್ಯರಿಗೋ ಬೆಳೆಗೋ ಅಪಾಯ ಇದೆ ಎಂದು ಮುಖ್ಯ ವನ್ಯಜೀವಿ ಪಾಲಕರಿಗೆ, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿಗೆ ಮನವರಿಕೆ ಆಗಬೇಕು, ಆಮೇಲೆ ಅವರು ಕಾರಣ ಬರೆದು ಲಿಖಿತ ಆದೇಶ ಕೊಡಬೇಕು. ಹಂದಿಗೆ ಇಂಥ ತಾಪತ್ರಯ ಏನೂ ಇಲ್ಲ. ರಾತ್ರಿ ಬರುತ್ತದೆ, ಮೂತಿಯಲ್ಲೇ ಶುಂಠಿ ಪಾತಿ ಉಳುತ್ತದೆ, ಹೋಗುವಾಗ ಎಳೆ ಅಡಿಕೆ ಸಸಿ ನಾಲ್ಕು ಬುಡಮೇಲು ಮಾಡಿ ಹೋಗುತ್ತದೆ. ಕಾರಣ ಬರೆದುಕೊಡುವ ಅಭ್ಯಾಸ ಅದಕ್ಕಿಲ್ಲ.

ಸರಿ, ಆದೇಶ ಬಂತು, ಗುಂಡೂ ತಗುಲಿತು ಅಂದುಕೊಳ್ಳಿ. ಅಲ್ಲಿಂದ 39ನೇ ಸೆಕ್ಷನ್ ಶುರು. ಹೀಗೆ ಅನುಮತಿ ಪಡೆದು ಹೊಡೆದ ಪ್ರಾಣಿ ರಾಜ್ಯ ಸರ್ಕಾರದ ಆಸ್ತಿ. ಇಷ್ಟು ದಿನ ಅದು ನಮ್ಮ ಜಮೀನಿನಲ್ಲಿ, ನಮ್ಮ ಗೊಬ್ಬರ ಹಾಕಿದ ಗೆಡ್ಡೆ ತಿಂದು ಬೆಳೆಯಿತು. ಆಗ ಯಾವ ಇಲಾಖೆಯೂ 'ಇದು ನಮ್ಮ ಹಂದಿ, ಊಟದ ಖರ್ಚು ಎಷ್ಟಾಯಿತು' ಎಂದು ಕೇಳಲಿಲ್ಲ. ಉಸಿರು ನಿಂತ ಕೂಡಲೇ ವಾರಸುದಾರರು ಜೀಪಿನಲ್ಲಿ ಬಂದರು. ಹಾಗಾಗಿ ಕಾಡುಹಂದಿ ರಾತ್ರಿ ತೋಟದಲ್ಲಿ ಉಂಡು ಹೋಗುತ್ತದೆ, ತೋಟದ ಯಜಮಾನ ಬೆಳಿಗ್ಗೆ ಪೇಟೆಗೆ ಹೋಗಿ ದುಡ್ಡು ಕೊಟ್ಟು ಸಾಕಿದ ಹಂದಿಯ ಮಾಂಸ ತಂದು, ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿ ಪಂದಿ ಕರಿ ಮಾಡುತ್ತಾನೆ.

ಪಕ್ಕದ ತೋಟದ ಕಥೆ ಇನ್ನೂ ಚೆಂದ. ಅದರ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ತೋಟದಲ್ಲಿ ಲಂಟಾನ ಎದೆಯೆತ್ತರ ಬೆಳೆದಿದೆ. ಗದ್ದೆ ಪಾಳು ಬಿದ್ದಿದೆ. ಹಂದಿಗಳು ಹಗಲೆಲ್ಲ ಅಲ್ಲೇ ಮಲಗಿರುತ್ತವೆ, ಕತ್ತಲಾದ ಮೇಲೆ ಬೇಲಿ ದಾಟಿ ನಮ್ಮ ಕಡೆ ಕೆಲಸಕ್ಕೆ ಬರುತ್ತವೆ. ಅವುಗಳ ಹಿಂದೆ ನೀವು ಆ ಬೇಲಿ ದಾಟಿದರೆ ಅತಿಕ್ರಮ ಪ್ರವೇಶ. ಕೈಯಲ್ಲಿ ಕೋವಿ ಇದ್ದರಂತೂ ಕೇಳುವುದೇ ಬೇಡ. ಫೋನ್ ಮಾಡಿ 'ಸ್ವಲ್ಪ ಕಾಡು ಕಡಿಸಿ ಸಾರ್' ಎಂದರೆ, 'ಅಯ್ಯೋ ಬೇಡಪ್ಪ, ಹೋಂಸ್ಟೇ ಗೆಸ್ಟುಗಳಿಗೆ ವೈಲ್ಡ್‌ಲೈಫ್ ಬೇಕು' ಎನ್ನುತ್ತಾರೆ. ವೈಲ್ಡ್‌ಲೈಫ್ ನೋಡಿದ ದುಡ್ಡು ಅವರಿಗೆ, ಅದರ ಊಟದ ಬಿಲ್ ನಮಗೆ.

ಹೋಗಲಿ, ಬೆಳೆ ಹೋದರೆ ಮರ ಮಾರಿ ಬದುಕೋಣ ಅಂದರೆ ಅದೂ ಆಗದು. ಬಾಣೆ ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗ; ರಿಡೀಮ್ ಆಗದ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಬಾಣೆಯಲ್ಲಿರುವ ಮರದ ಹಕ್ಕು ಸರ್ಕಾರದ್ದು. ನೆರಳು ನಮ್ಮದು, ಎಲೆ ಗುಡಿಸುವ ಕೂಲಿ ನಮ್ಮದು, ಮರ ಅವರದ್ದು. ಸ್ವಂತ ಮರವೇ ಆದರೂ ಬೀಟೆಯನ್ನೋ ತೇಗವನ್ನೋ ಕಡಿಯಲು ಅನುಮತಿ ಬೇಕು. ಸಿಲ್ವರ್ ಓಕ್‌ಗೆ ಮಾತ್ರ ಈ ಕಾಟ ಇಲ್ಲ. ಊರಿನ ಮರ ನೆಟ್ಟವನು ಕಚೇರಿ ಅಲೆಯುತ್ತಾನೆ, ಆಸ್ಟ್ರೇಲಿಯಾದ ಮರ ನೆಟ್ಟವನು ನೆಮ್ಮದಿಯಾಗಿರುತ್ತಾನೆ.

ಇನ್ನು ಮಂಗ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ನಮ್ಮ ಊರಿನ ಬಾನೆಟ್ ಮಂಗ ಬಡ್ತಿ ಪಡೆದು ಒಂದನೇ ಪರಿಚ್ಛೇದಕ್ಕೆ, ಅಂದರೆ ಹುಲಿ ಕೂತ ಪಂಕ್ತಿಗೇ ಹೋಗಿ ಕೂತಿತು. ಈ ಪಂಕ್ತಿಯವರು ಬೆಳೆ ತಿಂದರು ಎಂಬ ಕಾರಣಕ್ಕೆ ಯಾರೂ ಅನುಮತಿ ಕೊಡುವ ಹಾಗಿಲ್ಲ. ತೀರ್ಥಹಳ್ಳಿ ಕಡೆಯ ಒಬ್ಬ ರೈತರು 2019ರಲ್ಲೇ ಇದಕ್ಕೆ ದಾರಿ ಕಂಡುಕೊಂಡಿದ್ದರು. ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದರು, ಮಂಗಗಳು ಓಡಿದವು. ಇಡೀ ಮಲೆನಾಡಿನಲ್ಲಿ ಇಷ್ಟು ಕಡಿಮೆ ಖರ್ಚಿನ ವನ್ಯಜೀವಿ ನಿರ್ವಹಣೆ ನಾನು ಇನ್ನೊಂದು ಕೇಳಿಲ್ಲ. ನಾಯಿಯನ್ನು ಕೇಳಿದವರೂ ಇಲ್ಲ.

ಬೇಟೆಗೆ ಪೂರ್ತಿ ಅವಕಾಶ ಕೊಟ್ಟುಬಿಡಿ ಎನ್ನುವವನಲ್ಲ ನಾನು. ಹಾಗೆ ಅವಕಾಶ ಇದ್ದ ಕಾಲದಲ್ಲಿ ಹುಲಿಗಳ ಗತಿ ಏನಾಯಿತು ಅಂತ ಗೊತ್ತಿದೆ, ಕಾಯ್ದೆ ಬಂದದ್ದೂ ಅದಕ್ಕೇ. ಆದರೆ ಹಂದಿ ಹುಲಿ ಅಲ್ಲ, ಅಲ್ವಾ? ಅದು ಅಳಿವಿನ ಅಂಚಿನಲ್ಲಿಲ್ಲ, ನಮ್ಮ ಬೇಲಿಯ ಅಂಚಿನಲ್ಲಿದೆ.

ಪಕ್ಕದ ಕೇರಳದವರು 2022ರಲ್ಲಿ ಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಕೈಗೇ ಕೊಟ್ಟರು. ಲೈಸೆನ್ಸ್ ಇದ್ದವರನ್ನು ಕರೆಸಿ ಹೊಡೆಸಬಹುದು. ಮಾಂಸ ತಿನ್ನುವಂತಿಲ್ಲ, ಹೂಳಬೇಕು. ಗಬ್ಬದ ಹಂದಿಯನ್ನಂತೂ ಹೊಡೆಯಲೇಬಾರದು. ನಡುರಾತ್ರಿ, ಮಳೆ, ಮರಗೆಣಸಿನ ಹೊಲ, ಟಾರ್ಚ್ ಬೆಳಕಲ್ಲಿ ಹಂದಿ ಓಡುತ್ತಿದೆ. ಅಮ್ಮಾ, ತಿಂಗಳು ಎಷ್ಟು?

ಚುನಾವಣೆ ಬಂತೆಂದರೆ ಮುಗಿಯಿತು. ಪುತ್ತೂರು, ಸುಳ್ಯದ ಕಡೆ ಬೆಳೆ ರಕ್ಷಣೆಗೆಂದೇ ಲೈಸೆನ್ಸ್ ಪಡೆದ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿ ಎಂದು ನೋಟಿಸ್ ಬರುತ್ತದೆ. ಲೋಕಸಭೆಗೊಮ್ಮೆ, ವಿಧಾನಸಭೆಗೊಮ್ಮೆ. ವೃದ್ಧ ಕೃಷಿಕರು ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಾರೆ. ಮತದಾರರನ್ನು ಅವರಿಂದ ಕಾಪಾಡಬೇಕಲ್ಲ. ಹಂದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ, ಅದರ ಮೂತಿಯನ್ನು ಯಾರೂ ಠೇವಣಿ ಕೇಳುವುದಿಲ್ಲ. ಎಣಿಕೆ ಮುಗಿದು, ಗೆದ್ದವರ ಮೆರವಣಿಗೆ ಮುಗಿದು, ಕೋವಿ ವಾಪಸ್ ಸಿಗುವ ಹೊತ್ತಿಗೆ ಕಾಯಲು ತೋಟದಲ್ಲಿ ಏನೂ ಉಳಿದಿರುವುದಿಲ್ಲ. ಪೇಟೆಗೆ ಹೇಗೂ ಹೋಗಿರುತ್ತೀರಿ, ಬರುವಾಗ ನರ್ಸರಿಗೆ ಹೋಗಿ ಹೊಸ ಅಡಿಕೆ ಸಸಿಗೆ ಹೆಸರು ಬರೆಸಿ ಬನ್ನಿ.