ಇಸ್ರೋಗೆ ದುಡ್ಡು ಕೊಡ್ಲಿ, ಆದ್ರೆ ಮೊದ್ಲು ಯಾವುದಕ್ಕೆ?

ರಾಕೆಟ್ ಹಾರಿದ ದಿನ ನಮ್ಮ ಉಡುಪಿ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಗಲಾಟೆ. ಅರ್ಧ ಜನ ಬಾವುಟದ ಸ್ಟೇಟಸ್ ಹಾಕ್ತಾರೆ, ಇನ್ನರ್ಧ ಜನ "ರಸ್ತೆ ಹೊಂಡ ಮುಚ್ಲಿಕ್ಕೆ ದುಡ್ಡಿಲ್ಲ, ಇವ್ರಿಗೆ ಚಂದ್ರ ಬೇಕಂತೆ" ಅಂತ ಶುರು. ಹೊಂಡ ಉಂಟು ಮಾರಾಯ್ರೆ, ಇಲ್ಲ ಅಂತ ಯಾರು ಹೇಳಿದ್ದು. ಆದ್ರೆ 2025-26ರ ಕೇಂದ್ರ ಬಜೆಟ್ 50 ಲಕ್ಷ ಕೋಟಿಗಿಂತ ಮೇಲೆ, ಅದ್ರಲ್ಲಿ ಬಾಹ್ಯಾಕಾಶ ಇಲಾಖೆಗೆ 13,416 ಕೋಟಿ, ಅಂದ್ರೆ ನೂರು ರೂಪಾಯಿಗೆ ಹೆಚ್ಚುಕಮ್ಮಿ 26 ಪೈಸೆ. ಅದನ್ನು ಉಳಿಸಿದ್ರೆ ರಸ್ತೆ ಸರಿ ಆಗ್ತದೆ ಅಂತ ನಂಬುವವ್ರಿಗೆ ದೊಡ್ಡ ನಮಸ್ಕಾರ.

ನನ್ನ ತಕರಾರು ಬೇರೆ. ಆ 26 ಪೈಸೆ ಎಲ್ಲಿಗೆ ಹೋಗ್ತದೆ ಅಂತ ಯಾರೂ ಕೇಳುದಿಲ್ಲ.

ಮಲ್ಪೆ ದಕ್ಕೆಯಲ್ಲಿ ಬೋಟ್ ಹೊರಡುವ ಮೊದ್ಲು ನೋಡಿ, ಒಂದು ಕಡೆ ಐಸ್ ತುಂಬ್ತಾ ಇರ್ತದೆ, ಬೋಟ್ ನಡೆಸುವ ತಾಂಡೇಲ ಪ್ಲಾಸ್ಟಿಕ್ ಕವರಿನೊಳಗಿರುವ ಫೋನನ್ನು ಹಾಗೇ ಒತ್ತಿ ಮೀನಿನ ಮಾಹಿತಿ ನೋಡ್ತಾನೆ, ಯಾವ ದಿಕ್ಕು, ಎಷ್ಟು ದೂರ, ಎಷ್ಟು ಆಳ ಅಂತ. ಅದು ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುದು. ಸಮುದ್ರದ ನೀರು ಎಷ್ಟು ಬಿಸಿ, ಅದ್ರಲ್ಲಿ ಹಸಿರು ಎಷ್ಟು ಅಂತ ಸ್ಯಾಟಲೈಟ್ ಮೇಲಿಂದ ಅಳೀತದೆ, ತಣ್ಣೀರು ಬಿಸಿನೀರು ಸೇರುವಲ್ಲಿ ಸಣ್ಣ ಪಾಚಿ ಬೆಳೀತದೆ, ಅದರ ಹಿಂದೆ ಬೂತಾಯಿ ಬಂಗುಡೆ ಬರ್ತವೆ. ಮೋಡ ಮುಚ್ಚಿದ್ರೆ ಮಾಹಿತಿ ಇಲ್ಲ, ಅದು ಬೇರೆ ಮಾತು. ಮೀನು ಹುಡುಕಿ ಸುತ್ತುವ ಡೀಸೆಲ್ ಉಳೀತದಲ್ವಾ, ಅದು ಸಣ್ಣ ಮೊತ್ತ ಅಲ್ಲ. ಈಗ ಕೇಳಿ, ಸಮುದ್ರದ ಹಸಿರು ಅಳೆಯುವ ನಮ್ಮ ಉಪಗ್ರಹ ಓಶನ್‌ಸ್ಯಾಟ್-2 ಐದು ವರ್ಷ ಬಾಳ್ಲಿ ಅಂತ 2009ರಲ್ಲಿ ಕಳಿಸಿದ್ದು, ಓಶನ್‌ಸ್ಯಾಟ್-3 ಹಾರಿದ್ದು 2022ರ ನವೆಂಬರಲ್ಲಿ. ನಡುವೆ ಹದಿಮೂರು ವರ್ಷ!

ನಾವಿಕ್ ಅಂದ್ರೆ ಬೋಟು ಎಲ್ಲಿದೆ ಅಂತ ಹೇಳುವ ನಮ್ಮದೇ ಜಿಪಿಎಸ್, ಅದರದ್ದೂ ಅದೇ ಕತೆ. 2018ರ ಡಿಸೆಂಬರಲ್ಲಿ ಮಲ್ಪೆಯ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಗಿ, ಅವಶೇಷ ಸಿಗುವಾಗ ಮುಂದಿನ ಮೇ ತಿಂಗಳು. ಆ ತಿಂಗಳುಗಳು ಹೇಗಿದ್ವು ಅಂತ ಇಲ್ಲಿಯವ್ರಿಗೆ ಹೇಳ್ಬೇಕಾಗಿಲ್ಲ. ಈಗ ಒಂದು ಲಕ್ಷ ಬೋಟಿಗೆ ಟ್ರಾನ್ಸ್‌ಪಾಂಡರ್ ಹಾಕುವ 364 ಕೋಟಿಯ ಯೋಜನೆ ಉಂಟು, ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದ್ಲೂ ಮೆಸೇಜ್ ಬರ್ತದೆ, ಒಳ್ಳೇದೇ. ಆದ್ರೆ ನಾವಿಕ್‌ನ ಹಳೆ ಉಪಗ್ರಹಗಳಲ್ಲಿ ಜಾಗ ಲೆಕ್ಕ ಹಾಕ್ಲಿಕ್ಕೆ ಬೇಕಾದ, ಹೊರಗಿಂದ ತಂದ ಅಟಾಮಿಕ್ ಗಡಿಯಾರಗಳು ಕೆಟ್ಟು ಕೂತಿವೆ, 2025ರ ಜನವರಿಯಲ್ಲಿ ಶ್ರೀಹರಿಕೋಟಾದ ನೂರನೇ ಉಡಾವಣೆ ಅಂತ ಸಂಭ್ರಮ ಮಾಡಿ ಕಳಿಸಿದ ನಾವಿಕ್‌ನ ಹೊಸ ಉಪಗ್ರಹ ಎನ್‌ವಿಎಸ್-02 ವಾಲ್ವ್ ತೊಂದರೆಯಿಂದ ಸರಿಯಾದ ಕಕ್ಷೆಗೆ ಹೋಗ್ಲೇ ಇಲ್ಲ.

ಅತ್ಲಾಗೆ ಗಗನಯಾನದ ಮೊತ್ತವನ್ನು 2024ರಲ್ಲಿ 20,193 ಕೋಟಿಗೆ ಏರಿಸಿದ್ರು. ಬೇಡ ಅಂತಲ್ಲ, ಮನುಷ್ಯ ಹೋಗ್ಲಿ, ನಾನೂ ಟಿವಿ ಮುಂದೆ ಕೂತ್ಕೊಳ್ತೇನೆ. ಆದ್ರೆ ಮಾಡು ಸೋರುವಾಗ ಗೇಟಿಗೆ ಪೈಂಟ್ ಹೊಡೆಯುವವ್ರಿಗೆ ನಾವು ಎಂತ ಹೇಳ್ತೇವೆ? ದುಡ್ಡೇ ಇಲ್ಲ ಅನ್ನುವ ಹಾಗೂ ಇಲ್ಲ, ಬಾಹ್ಯಾಕಾಶ ಇಲಾಖೆಗೆ 2024-25ಕ್ಕೆ ಇಟ್ಟ 13,042 ಕೋಟಿ ಪರಿಷ್ಕೃತ ಲೆಕ್ಕದಲ್ಲಿ 11,725 ಕೋಟಿಗೆ ಇಳಿದಿತ್ತು.

ನಮ್ಮ ಅದಮಾರಿನ ಯು.ಆರ್. ರಾವ್ 1975ರಲ್ಲಿ ಆರ್ಯಭಟ ಮಾಡಿದ್ದು ಎಲ್ರಿಗೂ ಗೊತ್ತು, ಪ್ರತಿ ವರ್ಷ ಪೋಸ್ಟ್ ಬರ್ತದೆ. ಅವ್ರು ಇಸ್ರೋ ಅಧ್ಯಕ್ಷರಾಗಿದ್ದಾಗ 1988ರಲ್ಲಿ ಭೂಮಿ ನೋಡುವ ಐಆರ್‌ಎಸ್-1ಎ ಹೋಯ್ತಲ್ಲ, ಅದು ಯಾರಿಗೂ ನೆನಪಿಲ್ಲ. ಬೆಳೆ, ಕಾಡು, ನೀರು ನೋಡ್ಲಿಕ್ಕೆ ಕಳಿಸಿದ್ದು, ಅದಕ್ಕೆ ಯಾರೂ ಪಟಾಕಿ ಹೊಡೆಯುದಿಲ್ಲ.

ಕರಾವಳಿಯ ಸಂಸದರು ಪಾರ್ಲಿಮೆಂಟಲ್ಲಿ ಎರಡೇ ಪ್ರಶ್ನೆ ಕೇಳ್ಲಿ: ನಾವಿಕ್‌ಗೆ ಬದಲಿ ಉಪಗ್ರಹ ಯಾವಾಗ, ಅದಕ್ಕೆ ಈ ವರ್ಷ ಇಟ್ಟದ್ದೆಷ್ಟು? ಓಶನ್‌ಸ್ಯಾಟ್-3 ಕೈಕೊಡುವ ಮೊದ್ಲೇ ಮುಂದಿನದ್ದು ರೆಡಿ ಇರ್ತದಾ? ಉತ್ತರ ಬಂದ್ರೆ ಇಲ್ಲೇ ಹಾಕ್ತೇನೆ.